ಪ್ಲೈವುಡ್ ಕಪಾಟಿಗೆ ಬಣ್ಣ: ಅಂಚಿನ ಪದರ ಕಾಣದ ಹಾಗೆ ಮಾಡೋದು ಹೇಗೆ?

ಪ್ರಶ್ನೆ (ಸಾಗರ):
ಮಗಳ ಪುಸ್ತಕಗಳಿಗೆ ನಾನೇ ಒಂದು ಕಪಾಟು ಮಾಡಿದ್ದೇನೆ. 18 ಎಂಎಂ ಬಿಡಬ್ಲ್ಯುಆರ್ (ನೀರು ತಡೆಯುವ) ಪ್ಲೈ, ಫೆವಿಕಾಲ್, ಸ್ಕ್ರೂ. ಲ್ಯಾಮಿನೇಟ್ ಬೇಡ, ತಿಳಿ ಹಸಿರು ಎನಾಮೆಲ್ಲೇ ಬೇಕು ಅಂತ ಅವಳ ಹಟ. ಕಷ್ಟ ಇರೋದು ಅಂಚಿನಲ್ಲಿ. ಕೊಯ್ದ ಕಡೆ ಪದರಗಳೆಲ್ಲ ಕಾಣುತ್ತವೆ. ಕೆಲವು ಕಡೆ ಉಗುರು ತೂರುವಷ್ಟು ಸಂದು. ಗೋಡೆಗೆ ತಂದ ಪುಟ್ಟಿ ಅರ್ಧ ಚೀಲ ಉಳಿದಿದೆ. ಅದನ್ನೇ ಮೆತ್ತಬಹುದಾ?

ಉತ್ತರ (ಪೇಂಟಿಂಗ್ ಕೆಲಸ, ದಾವಣಗೆರೆ):
ಬೇಡ ಸರ್. ಆ ಪುಟ್ಟಿ ಬಿಳಿ ಸಿಮೆಂಟಿನದು. ನೀರಲ್ಲಿ ಕಲಸಿ ಹಾಕಿದರೆ ಪ್ಲೈಯ ನಾರು ಎದ್ದು ನಿಲ್ಲುತ್ತದೆ. ಮರ ಹವೆಗೆ ತಕ್ಕ ಹಾಗೆ ಹಿಗ್ಗಿ ಕುಗ್ಗುತ್ತದೆ, ಸಿಮೆಂಟ್ ಬಗ್ಗುವುದಿಲ್ಲ. ಏನಾದರೂ ತಾಗಿದರೆ ಚಕ್ಕೆ ಎದ್ದು ಬರುತ್ತದೆ.

ಮೊದಲು ಆಳದ ಸಂದು, ಸ್ಕ್ರೂ ತಲೆ ತುಂಬಿ. ಕಾರಿನ ಟಿಂಕರಿಂಗ್‌ನವರು ಬಳಸುತ್ತಾರಲ್ಲ, ಹಾರ್ಡನರ್ ಬೆರೆಸುವ ಪಾಲಿಯೆಸ್ಟರ್ ಪುಟ್ಟಿ, ನನಗೆ ಅದೇ ಇಷ್ಟ. ಕುಗ್ಗುವುದು ಕಡಿಮೆ. ಪ್ರೈಮರ್ ಬಳಿಯುವ ಮೊದಲೇ, ಬರೀ ಮರದ ಮೇಲೇ ಹಾಕಿ. ಕೆಲವೇ ನಿಮಿಷದಲ್ಲಿ ಬಿಗಿಯುತ್ತದೆ, ನಿಂಬೆಹಣ್ಣಿನಷ್ಟು ಮಾತ್ರ ಕಲಸಿಕೊಳ್ಳಿ. ವಾಸನೆ ಜೋರು, ಕಿಟಕಿ ತೆಗೆದಿಡಿ.

ಗಟ್ಟಿಯಾದ ಮೇಲೆ 120ನೇ ನಂಬರಿನ ಉಜ್ಜುಕಾಗದವನ್ನು ಮರದ ತುಂಡಿಗೆ ಸುತ್ತಿ ಉಜ್ಜಿ. ಬಾಯಿಗೆ ಮಾಸ್ಕ್ ಇರಲಿ. ಚೂಪು ಮೂಲೆಯನ್ನು ಉಜ್ಜಿ ತುಸು ಮೊಂಡು ಮಾಡಿ, ಚೂಪಿನ ಮೇಲೆ ಬಣ್ಣ ನಿಲ್ಲುವುದಿಲ್ಲ. ಪ್ಲೈಯ ಮೇಲ್ಪದರ ಬಹಳ ತೆಳು, ಅಲ್ಲಿ ಜಾಸ್ತಿ ಉಜ್ಜಬೇಡಿ.

ಈಗ ಬಹಳ ಮುಖ್ಯವಾದದ್ದು. ವುಡ್ ಪ್ರೈಮರ್‌ಗೆ ಟರ್ಪೆಂಟೈನ್ ಸೇರಿಸಿ ತೆಳ್ಳಗೆ ಬಳಿಯಿರಿ, ಅಂಚಿಗೆ ಎರಡು ಸಲ. ಕೊಯ್ದ ಅಂಚು ಎಷ್ಟು ಕೊಟ್ಟರೂ ಕುಡಿಯುತ್ತದೆ. ಪ್ರೈಮರ್ ಇಲ್ಲದೆ ಸುಮ್ನೆ ಲಪ್ಪ (ಸಣ್ಣ ತಗ್ಗು ತುಂಬುವ ಎಣ್ಣೆ ಪುಟ್ಟಿ) ಹಾಕಿದರೆ ಅದರ ಎಣ್ಣೆಯನ್ನೆಲ್ಲ ಹೀರಿಬಿಡುತ್ತದೆ, ಉಳಿಯೋದು ಬರೀ ಪುಡಿ. ಪ್ರೈಮರ್ ಒಣಗಿದ ಮೇಲೆ ಎಣ್ಣೆ ಲಪ್ಪವನ್ನು ಪುಟ್ಟಿ ಬ್ಲೇಡಿನಿಂದ ಒತ್ತಿ ತೆಳ್ಳಗೆ ಎಳೆಯಿರಿ. ಒಣಗಲಿ, ಉಜ್ಜಿ, ಮತ್ತೆ ಎಳೆಯಿರಿ. ಒಂದೇ ಸಲ ದಪ್ಪಗೆ ಹಾಕಿದರೆ ಒಣಗುತ್ತಾ ಕುಸಿಯುತ್ತದೆ.

ಉತ್ತರ (ಮರಗೆಲಸ, ಕುಮಟಾ):
ಅವರು ಹೇಳಿದ್ದೆಲ್ಲ ಸರಿ ಮಾರಾಯ್ರೇ. ಆದರೆ ಮುಂದಿನ ಅಂಚಿಗೆ ಲಪ್ಪ ಸಾಕಾಗುವುದಿಲ್ಲ. ಪುಸ್ತಕ ಎಳೆದೂ ಎಳೆದೂ ಅಲ್ಲೇ ಮೊದಲು ಸವೆಯೋದು. ತೇಗದ 6 ಎಂಎಂ ಪಟ್ಟಿ, ಪ್ಲೈಗಿಂತ ತುಸು ಅಗಲದ್ದು, ಫೆವಿಕಾಲ್ ಹಚ್ಚಿ ತಲೆಯಿಲ್ಲದ ಮೊಳೆ ಹೊಡೆಯಿರಿ. ಒಣಗಿದ ಮೇಲೆ ಹೆಚ್ಚಾದದ್ದನ್ನು ಹತ್ತರಿಯಿಂದ (ಮರ ಹೆರೆದು ನಯ ಮಾಡುವ ಸಾಧನ) ಕೆತ್ತಿ. ಪ್ರೈಮರ್‌ಗೆ ಮೊದಲೇ ಇದು ಆಗಬೇಕು.

ಪ್ರಶ್ನೆ ಕೇಳಿದವರು:
ಮುಂದಕ್ಕೆ ಪಟ್ಟಿ, ಉಳಿದ ಕಡೆ ಲಪ್ಪ. ಇಲ್ಲಿ ಮಳೆ ಬಿಟ್ಟಿಲ್ಲ. ಲಪ್ಪ ಒಣಗಿದೆಯೋ ಇಲ್ಲವೋ ಹೇಗೆ ತಿಳಿಯೋದು?

ಉತ್ತರ (ದಾವಣಗೆರೆ):
ಕಾಗದವೇ ಹೇಳುತ್ತದೆ ಸರ್. ಉಜ್ಜಿದಾಗ ಪುಡಿ ಉದುರಿದರೆ ಒಣಗಿದೆ. ಕಾಗದಕ್ಕೆ ಮೆತ್ತಿಕೊಂಡರೆ ಇನ್ನೂ ಹಸಿ, ಕೈ ಹಚ್ಚಬೇಡಿ. ಸಾಗರದ ಮಳೆಯಲ್ಲಿ ಡಬ್ಬಿ ಮೇಲೆ ಬರೆದ ಗಂಟೆ ಲೆಕ್ಕ ನಂಬಬೇಡಿ. ಕೊನೆಗೆ ದೀಪ ಆರಿಸಿ, ಟಾರ್ಚನ್ನು ಅಂಚಿಗೆ ಓರೆಯಾಗಿ ಹಿಡಿಯಿರಿ. ತಗ್ಗು, ಗೆರೆ ಎಲ್ಲ ನೆರಳಾಗಿ ಕಾಣುತ್ತವೆ, ಪೆನ್ಸಿಲಿನಲ್ಲಿ ಗುರುತು ಹಾಕಿ ಅಷ್ಟಕ್ಕೇ ಲಪ್ಪ ಕೊಡಿ. ಮತ್ತೊಂದು ಪ್ರೈಮರ್, 220ರಲ್ಲಿ ಉಜ್ಜಿ, ಆಮೇಲೆ ಎನಾಮೆಲ್ ತೆಳ್ಳಗೆ ಎರಡು ಕೋಟ್. ನಡುವೆ 320.