60ರ ದಶಕದ ಮಾದರಿಯ ಸ್ಟ್ರಾಟ್: ಮೊದಲನೇ ತಂತಿಯನ್ನು ಬೆಂಡ್ ಮಾಡಿದರೆ ನಾದ ನಿಂತುಹೋಗುತ್ತದೆ

ತಂತಿಮೀಟು:

ಎಲ್ಲರಿಗೂ ನಮಸ್ಕಾರ. ಇತ್ತೀಚೆಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಸ್ಟ್ರಾಟೊಕಾಸ್ಟರ್ (ಸ್ಟ್ರಾಟ್) ಎಲೆಕ್ಟ್ರಿಕ್ ಗಿಟಾರಿನಲ್ಲಿ ಒಂದು ತೊಂದರೆ ಕಾಣಿಸಿಕೊಂಡಿದ್ದು, ನಾನು ನಿಜಕ್ಕೂ ಬೇಸತ್ತು ಇಲ್ಲಿ ಬರೆಯುತ್ತಿದ್ದೇನೆ. ಅತಿ ತೆಳುವಾದ ಮೊದಲನೇ ತಂತಿಯನ್ನು 12ನೇ ಫ್ರೆಟ್‌ನಿಂದ (ಗಿಟಾರಿನ ಕತ್ತು, ಅಂದರೆ ನೆಕ್‌ನ ಮೇಲಿನ ಲೋಹದ ಅಡ್ಡಪಟ್ಟಿ) ಆಚೆ ಎಲ್ಲಿ ಒತ್ತಿ ಬೆಂಡ್ ಮಾಡಿದರೂ, ಅಂದರೆ ಪಕ್ಕಕ್ಕೆ ಎಳೆದರೂ, ಶ್ರುತಿ ಏರುತ್ತಾ ಹೋಗಿ, ಬೇಕಾದ ಸ್ವರಕ್ಕೆ ಇನ್ನೇನು ಸೇರಬೇಕು ಎನ್ನುವಷ್ಟರಲ್ಲಿ ನಾದ ಥಟ್ಟನೆ ಸತ್ತುಹೋಗುತ್ತದೆ. ಬೆಂಡ್ ಮಾಡದೆ ನುಡಿಸಿದರೆ ಯಾವ ಫ್ರೆಟ್‌ನಲ್ಲೂ ದೋಷವಿಲ್ಲ.

ಈ ವಾದ್ಯವನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಹಿಂದಿನವರು ವರ್ಷಗಟ್ಟಲೆ ನುಡಿಸಿರುವುದರಿಂದ ನೆಕ್‌ನ ಹಿಂಬದಿಯ ಹೊಳಪು ಹೋಗಿ ಮರ ನುಣುಪಾಗಿದೆ. ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ಕಾರ್ಡ್ (ಸ್ವರಮೇಳ) ಹಿಡಿದರೆ ಹೆಬ್ಬೆರಳು ತಾನಾಗಿ ಜಾಗ ಹುಡುಕಿಕೊಳ್ಳುತ್ತದೆ. ನೆಕ್ ಪಿಕಪ್ ಮತ್ತು ಮಧ್ಯದ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಎರಡನ್ನೂ ಕೂಡಿಸಿದಾಗ ಬರುವ ಆ ತೆಳುವಾದ, ಗಾಜಿನಂತಹ ಧ್ವನಿಯನ್ನು ನನ್ನ ಬಳಿ ಇರುವ ಇನ್ನೊಂದು ಹೊಸ ಗಿಟಾರಿನಿಂದ ಹೊರಡಿಸಲು ಎಷ್ಟು ಹೆಣಗಿದರೂ ಆಗಿರಲಿಲ್ಲ. ಆದರೆ ಬೆಂಡ್ ಮಾಡಲಾಗದ ಗಿಟಾರಿನಲ್ಲಿ ಬ್ಲೂಸ್ ನುಡಿಸುವುದು ಹೇಗೆ? ರಿಪೇರಿ ಅಂಗಡಿಯೊಂದರಲ್ಲಿ ತೋರಿಸಿದೆ. ಅವರು ಅಳತೆಯನ್ನೂ ತೆಗೆದುಕೊಳ್ಳದೆ, ಎಲ್ಲ ಫ್ರೆಟ್‌ಗಳನ್ನೂ ಬದಲಿಸಬೇಕು ಎಂದುಬಿಟ್ಟರು. ದಯವಿಟ್ಟು ದಾರಿ ತೋರಿಸಿ.

ಬೆಸುಗೆಕಡ್ಡಿ:

ಫ್ರೆಟ್‌ಗಳ ಗೊಡವೆಗೆ ಹೋಗಬೇಡಿ. ಇದು ಪಿಕಪ್‌ನ ಅಯಸ್ಕಾಂತಗಳ ಕೆಲಸ. ಈ ಮಾದರಿಯ ಸಿಂಗಲ್ ಕಾಯಿಲ್ ಪಿಕಪ್‌ಗಳಲ್ಲಿ ಪ್ರತಿ ತಂತಿಯ ಕೆಳಗೂ ಅಲ್ನಿಕೋ ಅಯಸ್ಕಾಂತದ ಒಂದೊಂದು ಕಡ್ಡಿ ನೇರವಾಗಿ ನಿಂತಿರುತ್ತದೆ. ಪಿಕಪ್ ತಂತಿಗೆ ತೀರಾ ಹತ್ತಿರವಿದ್ದರೆ ಅದು ತಂತಿಯ ಕಂಪನವನ್ನು ಎಳೆದು ಹಿಡಿಯುವುದರಿಂದ ನಾದ ಬೇಗ ಕುಗ್ಗುತ್ತದೆ. ಕೊನೆಯ ಫ್ರೆಟ್ ಅನ್ನು ಒತ್ತಿ ಹಿಡಿದು, ಅಯಸ್ಕಾಂತದ ತಲೆಯಿಂದ ತಂತಿಯ ಅಡಿಯವರೆಗೆ ಆರನೇ ತಂತಿಯ ಬಳಿ 2.4 ಮಿ.ಮೀ., ಮೊದಲನೇ ತಂತಿಯ ಬಳಿ 2 ಮಿ.ಮೀ. ಅಂತರ ಬರುವಂತೆ ಪಿಕಪ್‌ಗಳನ್ನು ಇಳಿಸಿ ನೋಡಿ. ಮೊದಲು ನೆಕ್ ಪಿಕಪ್ ಇಳಿಸಿ, ಅಲ್ಲಿ ತಂತಿಯ ತೂಗಾಟ ಹೆಚ್ಚು.

ಹಳೇಫ್ರೆಟ್:

ಬೆಸುಗೆಕಡ್ಡಿಯವರು ಹೇಳುವ ದೋಷ ಇಲ್ಲದ್ದೇನಲ್ಲ, ಆದರೆ ಅದರ ಲಕ್ಷಣವೇ ಬೇರೆ. ಅಯಸ್ಕಾಂತ ಎಳೆದರೆ ಸ್ವರ ಅಲುಗುತ್ತದೆ, ಎರಡು ಶ್ರುತಿಗಳು ಒಟ್ಟಿಗೆ ಕೇಳಿದಂತಾಗುತ್ತದೆ. ಬೆಂಡ್‌ನ ಒಂದು ನಿರ್ದಿಷ್ಟ ಹಂತದಲ್ಲಿ ನಾದ ಕತ್ತರಿಸಿದಂತೆ ನಿಂತರೆ ತಂತಿ ಮುಂದಿನ ಯಾವುದೋ ಫ್ರೆಟ್‌ಗೆ ತಾಗುತ್ತಿದೆ ಎಂದೇ ಅರ್ಥ.

ಹಳೆಯ ಮಾದರಿಯ ಸ್ಟ್ರಾಟ್‌ನ ಫ್ರೆಟ್‌ಬೋರ್ಡ್ 7.25 ಇಂಚು, ಅಂದರೆ ಸುಮಾರು 184 ಮಿ.ಮೀ. ತ್ರಿಜ್ಯದ ಉಬ್ಬನ್ನು ಹೊಂದಿರುತ್ತದೆ. ಮಧ್ಯದಿಂದ ಸುಮಾರು 20 ಮಿ.ಮೀ. ಆಚೆ ಇರುವ ಮೊದಲನೇ ತಂತಿಯ ಕೆಳಗೆ ಬೋರ್ಡ್, ಮಧ್ಯಭಾಗಕ್ಕಿಂತ ಒಂದು ಮಿಲಿಮೀಟರಿಗೂ ತುಸು ಹೆಚ್ಚು ತಗ್ಗಿನಲ್ಲಿರುತ್ತದೆ. 12 ಇಂಚು ತ್ರಿಜ್ಯದ ಈಗಿನ ಬೋರ್ಡಿನಲ್ಲಿ ಅದೇ ತಗ್ಗು 0.7 ಮಿ.ಮೀ.ನಷ್ಟೂ ಇರುವುದಿಲ್ಲ. ನೀವು ಬೆಂಡ್ ಮಾಡುವಾಗ ತಂತಿ ಆ ತಗ್ಗಿನಿಂದ ದಿಬ್ಬದ ಕಡೆಗೆ ಸರಿಯುತ್ತದೆ, ಎತ್ತರ ಸಾಲದಿದ್ದರೆ ಮುಂದಿನ ಫ್ರೆಟ್ ಅದನ್ನು ತಡೆಯುತ್ತದೆ. 1954ರಲ್ಲಿ ಫೆಂಡರ್ ಕಂಪನಿಯ ಸ್ಟ್ರಾಟ್ ಬಂದಾಗ ತಂತಿಗಳು ದಪ್ಪವಾಗಿದ್ದು ಇಷ್ಟು ದೂರ ಎಳೆದು ಬೆಂಡ್ ಮಾಡುವ ರೂಢಿ ಕಡಿಮೆಯಿತ್ತು. ಕಾರ್ಡ್ ಹಿಡಿಯುವಾಗ ನಿಮ್ಮ ಬೆರಳುಗಳಿಗೆ ಹಿತವಾಗಿರುವುದು ಇದೇ ಉಬ್ಬು, ಆದ್ದರಿಂದ ಅದನ್ನು ದೋಷವೆಂದು ತಿಳಿಯಬೇಡಿ. ಅದಕ್ಕೆ ತಕ್ಕ ಎತ್ತರ ಇಡಬೇಕು, ಅಷ್ಟೇ.

ತಂತಿಗಳ ದಪ್ಪ, 17ನೇ ಫ್ರೆಟ್‌ನ ಬಳಿ ಒಂದನೇ ಮತ್ತು ಆರನೇ ತಂತಿಗಳ ಎತ್ತರ, ನೆಕ್‌ನ ರಿಲೀಫ್ (ಅದರ ಸಣ್ಣ ಮುಂಬಾಗು), ಬ್ರಿಜ್ (ಬಾಡಿಯ ಮೇಲೆ ತಂತಿಗಳನ್ನು ಹಿಡಿದಿರುವ ಭಾಗ) ತೇಲುತ್ತಿದೆಯೇ ಅಥವಾ ಬಾಡಿಗೆ ಒರಗಿದೆಯೇ, ಇಷ್ಟನ್ನು ತಿಳಿಸದೆ ಯಾರೂ ಖಚಿತವಾಗಿ ಹೇಳಲಾರರು.

ತಂತಿಮೀಟು:

ಇಬ್ಬರಿಗೂ ಧನ್ಯವಾದಗಳು. ಮೂರೂ ಪಿಕಪ್‌ಗಳನ್ನು ಇಳಿಸಿದೆ. ಧ್ವನಿ ಸಣ್ಣದಾಯಿತೇ ಹೊರತು ತೊಂದರೆ ಹಾಗೆಯೇ ಇದೆ. ತಂತಿಗಳು ಹೊಸವು, ಸಾಮಾನ್ಯ ಸೆಟ್. ನನ್ನ ಬಳಿ ಅಳತೆಯ ಉಪಕರಣವಿಲ್ಲ, ಆದರೆ ಆ್ಯಕ್ಷನ್ (ಫ್ರೆಟ್‌ಗಳಿಂದ ತಂತಿಯ ಎತ್ತರ) ನುಡಿಸಲು ಬಹಳ ಹಿತವಾಗಿದೆ, ಬೆರಳಿಗೆ ಶ್ರಮವೇ ಇಲ್ಲ. ಕೊಳ್ಳುವ ಮುನ್ನ ಹಿಂದಿನ ಮಾಲೀಕರ ಮನೆಯಲ್ಲಿ ಸಾಕಷ್ಟು ಹೊತ್ತು ನುಡಿಸಿ ನೋಡಿದ್ದೆ, ಆಗ ಎಲ್ಲ ಬೆಂಡ್‌ಗಳೂ ಚೆನ್ನಾಗಿಯೇ ಬಂದಿದ್ದವು. ಹೀಗಿರುವಾಗ ಬೋರ್ಡಿನ ಉಬ್ಬು ಈಗ ಮಾತ್ರ ಅಡ್ಡ ಬರುವುದು ಹೇಗೆ?

ಬೆಸುಗೆಕಡ್ಡಿ:

ಅದನ್ನೇ ನಾನೂ ಹೇಳುತ್ತಿರುವುದು. ಉಬ್ಬು ಬದಲಾಗುವುದಿಲ್ಲ, ಪಿಕಪ್‌ನ ಎತ್ತರ ಬದಲಾಗುತ್ತದೆ. ಪಿಕಪ್‌ನ ಸ್ಕ್ರೂಗೆ ಒತ್ತುಕೊಡುವ ರಬ್ಬರ್ ನಳಿಗೆಯೋ ಸ್ಪ್ರಿಂಗೋ ಹಳೆಯದಾಗಿದ್ದರೆ ಒಂದು ಬದಿ ತಾನಾಗಿ ಏಳಬಹುದು ಅಥವಾ ಕುಸಿಯಬಹುದು. ಇನ್ನೂ ಕೆಳಗೆ, ಪಿಕ್‌ಗಾರ್ಡಿನ ಮಟ್ಟಕ್ಕೆ ಬರುವವರೆಗೆ ಇಳಿಸಿ ನೋಡಿ. ಧ್ವನಿ ಸಣ್ಣದಾದರೆ ಆಂಪ್ಲಿಫೈಯರಿನಲ್ಲಿ ಏರಿಸಿಕೊಳ್ಳಬಹುದು.

ಸುರತ್ಕಲ್ ಸ್ಟ್ರಾಟ್:

ನನ್ನ ಬಳಿ ಜಪಾನಿನಲ್ಲಿ ತಯಾರಾದ ಜೆವಿ ಸರಣಿಯ ಸ್ಟ್ರಾಟ್ ಇದೆ. 1982ರಲ್ಲಿ ಫೆಂಡರ್ ಜಪಾನ್ ಆರಂಭವಾದಾಗ ಮಾತ್ಸುಮೊತೊದ ಫುಜಿಜೆನ್ ಕಾರ್ಖಾನೆಯಲ್ಲಿ ಮಾಡಿಸಿದ ಮೊದಲ ತಂಡದ ಗಿಟಾರುಗಳಲ್ಲಿ ಅದೂ ಒಂದು. ಅದರಲ್ಲೂ 7.25 ಇಂಚಿನ ಬೋರ್ಡ್ ಇದ್ದು, 12ನೇ ಫ್ರೆಟ್‌ನಿಂದ ಆಚೆ ಫ್ರೆಟ್‌ಗಳ ನೆತ್ತಿಯನ್ನು ಮಧ್ಯಭಾಗದಲ್ಲಿ ತುಸು ಉಜ್ಜಿಸಿ ಚಪ್ಪಟೆ ಮಾಡಿಸಿದ ಮೇಲೆ ಬೆಂಡ್‌ಗಳು ನಿರಾತಂಕವಾಗಿ ಬರುತ್ತಿವೆ. ನೀವೂ ಹಾಗೆಯೇ ಮಾಡಿಸಿ. ನಿಮ್ಮ ಗಿಟಾರಿನ ಬಣ್ಣ ನೈಟ್ರೊಸೆಲ್ಯುಲೋಸ್ ಲೇಪವೋ ಅಥವಾ ಪಾಲಿಯೆಸ್ಟರೋ? ನೈಟ್ರೊ ಆಗಿದ್ದರೆ ಮರ ಮುಕ್ತವಾಗಿ ಕಂಪಿಸುವುದರಿಂದ ನಾದ ಹೆಚ್ಚು ಹೊತ್ತು ನಿಲ್ಲುತ್ತದೆ ಎಂಬುದು ನನ್ನ ಅನುಭವ.

ಹಳೇಫ್ರೆಟ್:

ಸುರತ್ಕಲ್ ಅವರೇ, ನಿಮ್ಮ ವಾದ್ಯ ಅಪರೂಪದ್ದು, ಅದರ ಬಗ್ಗೆ ಗೌರವವಿದೆ. ಆದರೆ ಅಳೆಯುವ ಮೊದಲೇ ಇನ್ನೊಬ್ಬರ ಫ್ರೆಟ್ ಉಜ್ಜಿಸುವ ಸಲಹೆಯನ್ನು ನಾನು ಒಪ್ಪಲಾರೆ. ಹಳೆಯ ಮಾದರಿಯ ಫ್ರೆಟ್‌ಗಳು ಮೊದಲೇ ಸಣ್ಣವು ಮತ್ತು ಗಿಡ್ಡವು. ಉಜ್ಜಿದ ಲೋಹ ಮತ್ತೆ ಬರುವುದಿಲ್ಲ. ಬಣ್ಣದ ಲೇಪಕ್ಕೂ ಈ ತೊಂದರೆಗೂ ಸಂಬಂಧವಿಲ್ಲ.

ಸುರತ್ಕಲ್ ಸ್ಟ್ರಾಟ್:

ನುರಿತವರು ಉಜ್ಜಿದರೆ ಏನೂ ಆಗುವುದಿಲ್ಲ. ಲೇಪದ ವಿಷಯದಲ್ಲಿ, ನೈಟ್ರೊ ಗಿಟಾರನ್ನು ಬಹುಕಾಲ ಬಳಸಿದವರಿಗೆ ಮಾತ್ರ ಅದು ಗೊತ್ತಾಗುವಂಥದ್ದು.

ಸ್ಪ್ರಿಂಗ್‌ಗೂಡು:

ಲೇಪದ ಚರ್ಚೆಯನ್ನು ಸ್ವಲ್ಪ ಬದಿಗಿಟ್ಟು ತಂತಿಮೀಟು ಅವರ ಎರಡು ಮಾತುಗಳನ್ನು ಜೋಡಿಸಿ ಓದೋಣ. ಕೊಳ್ಳುವಾಗ ಬೆಂಡ್ ಸರಿಯಾಗಿತ್ತು, ಈಗ ತಂತಿಗಳು ಹೊಸವು. ಅಂದರೆ ನಡುವೆ ತಂತಿ ಬದಲಾಗಿದೆ. ಸರ್, ಮೊದಲು ಇದ್ದ ಸೆಟ್ ಯಾವುದು, ನೀವು ಹಾಕಿದ್ದು ಯಾವುದು? ಬ್ರಿಜ್‌ನ ಹಿಂದಿನ ಅಂಚು ಮೊದಲು ಬಾಡಿಯಿಂದ ಮೇಲೆದ್ದು ನಿಂತಿತ್ತೇ, ಈಗ ಹೇಗಿದೆ?

ತಂತಿಮೀಟು:

ಹಿಂದಿನವರು 10ರಿಂದ 46ರ (ಇಂಚಿನ ಸಾವಿರದ ಭಾಗಗಳಲ್ಲಿ ತಂತಿಗಳ ದಪ್ಪ) ಸೆಟ್ ಹಾಕಿದ್ದರು. ನಾನು ಮೊದಲಿನಿಂದಲೂ 9ರಿಂದ 42ರ ಸೆಟ್ ಬಳಸುವವನಾದ್ದರಿಂದ ಮನೆಗೆ ತಂದೊಡನೆ ಅದನ್ನೇ ಹಾಕಿದೆ. ಬ್ರಿಜ್ ಆಗ ಹಿಂಬದಿಯಲ್ಲಿ ತುಸು ಎದ್ದಿತ್ತು, ಅದರಡಿ ಮೂರು ನಾಲ್ಕು ವಿಸಿಟಿಂಗ್ ಕಾರ್ಡುಗಳನ್ನು ತೂರಿಸುವಷ್ಟು ಜಾಗವಿತ್ತು. ಈಗ ಪೂರ್ತಿ ಬಾಡಿಯ ಮೇಲೆ ಕೂತಿದೆ. ಶ್ರುತಿ ಚೆನ್ನಾಗಿ ನಿಲ್ಲುತ್ತಿರುವುದರಿಂದ ಅದು ಒಳ್ಳೆಯದೇ ಎಂದುಕೊಂಡಿದ್ದೆ.

ಸ್ಪ್ರಿಂಗ್‌ಗೂಡು:

ಹಾಗಾದರೆ ಕಾರಣ ಸಿಕ್ಕಿತು. ತುಸು ವಿವರವಾಗಿ ಬರೆಯುತ್ತೇನೆ, ಏಕೆಂದರೆ ಸೆಕೆಂಡ್ ಹ್ಯಾಂಡ್ ಸ್ಟ್ರಾಟ್ ಕೊಂಡವರೆಲ್ಲರಿಗೂ ಇದು ಒಂದಲ್ಲ ಒಂದು ದಿನ ಎದುರಾಗುತ್ತದೆ.

ನುಡಿಯುವ ತಂತಿಯ ಉದ್ದ 648 ಮಿ.ಮೀ. ಇರುವ ಈ ಗಿಟಾರಿನಲ್ಲಿ, ಸಾಮಾನ್ಯ ಶ್ರುತಿಗೆ ಏರಿಸಿದ 10ರ ಸೆಟ್‌ನ ಆರೂ ತಂತಿಗಳ ಒಟ್ಟು ಎಳೆತ ಸುಮಾರು 47 ಕಿಲೋ, 9ರ ಸೆಟ್‌ನದು ಸುಮಾರು 39 ಕಿಲೋ. ಹಿಂದಿನ ಮಾಲೀಕರು 47 ಕಿಲೋ ಎಳೆತಕ್ಕೆ ಸರಿದೂಗುವಂತೆ, ಬ್ರಿಜ್ಜನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗ್‌ಗಳನ್ನೂ ನೆಕ್‌ನ ಬಾಗು ಹೊಂದಿಸುವ ಒಳಗಿನ ಸರಳಾದ ಟ್ರಸ್ ರಾಡನ್ನೂ ಹೊಂದಿಸಿದ್ದರು. ನೀವು ತೆಳು ತಂತಿ ಹಾಕಿದಾಗ ಎಂಟು ಕಿಲೋಗಳಷ್ಟು ಎಳೆತ ಕಡಿಮೆಯಾಗಿ, ಒಂದೇ ಸಲ ಎರಡು ಬದಲಾವಣೆಗಳಾದವು. ಮೊದಲನೆಯದು, ಸ್ಪ್ರಿಂಗ್‌ಗಳು ಗೆದ್ದು ಬ್ರಿಜ್ಜನ್ನು ಹಿಂದಕ್ಕೆ ಮಲಗಿಸಿದವು. ಬ್ರಿಜ್ ತಿರುಗುವುದು ಮುಂದಿನ ಆರು ಸ್ಕ್ರೂಗಳ ಮೇಲಾದ್ದರಿಂದ ಅವುಗಳ ಹಿಂದಿರುವ, ತಂತಿಗಳು ಕೂರುವ ಸ್ಯಾಡಲ್‌ಗಳೆಲ್ಲ ಕೆಳಗಿಳಿಯುತ್ತವೆ. ಅಲ್ಲಿ ಆದ ಇಳಿತದ ಅರ್ಧಕ್ಕಿಂತ ಹೆಚ್ಚು ಪಾಲು 17ನೇ ಫ್ರೆಟ್‌ನ ಮೇಲೂ ಕಾಣುತ್ತದೆ. ಎರಡನೆಯದು, ತಂತಿಯ ಎಳೆತ ಕುಗ್ಗಿದ್ದರಿಂದ ನೆಕ್ ನೇರವಾಯಿತು. ಬೆರಳಿಗೆ ಶ್ರಮವಿಲ್ಲದ ಆ ಹಿತವಾದ ಆ್ಯಕ್ಷನ್ ಹೀಗೆ ಬಂದದ್ದು. 12 ಇಂಚಿನ ಬೋರ್ಡಿನಲ್ಲಾದರೆ ಇದು ನಡೆದುಹೋಗುತ್ತಿತ್ತು, 7.25ರಲ್ಲಿ ನಡೆಯುವುದಿಲ್ಲ.

ಕೆಲಸವನ್ನು ಬ್ರಿಜ್‌ನಿಂದಲೇ ಆರಂಭಿಸಿ. ಹಿಂಬದಿಯ ಮುಚ್ಚಳ ತೆಗೆದರೆ ಸ್ಪ್ರಿಂಗ್‌ಗಳನ್ನು ಹಿಡಿದಿರುವ ಲೋಹದ ಕೊಕ್ಕೆಯೂ ಅದರ ಎರಡು ಉದ್ದ ಸ್ಕ್ರೂಗಳೂ ಕಾಣುತ್ತವೆ. ಅವನ್ನು ಅರ್ಧರ್ಧ ಸುತ್ತು ಸಡಿಲಿಸಿ, ಪ್ರತಿ ಸಲವೂ ತಂತಿಗಳನ್ನು ಮತ್ತೆ ಶ್ರುತಿಗೆ ತನ್ನಿ. ಬ್ರಿಜ್‌ನ ಹಿಂದಿನ ಅಂಚಿನ ಅಡಿಯಲ್ಲಿ ಸುಮಾರು 3 ಮಿ.ಮೀ. ಸಂದು ಬರಬೇಕು. ಇದು ಮುಗಿಯುವವರೆಗೆ ಬೇರೆ ಯಾವುದನ್ನೂ ಮುಟ್ಟಬೇಡಿ, ಏಕೆಂದರೆ ಉಳಿದ ಅಳತೆಗಳೆಲ್ಲ ಇದನ್ನು ಅವಲಂಬಿಸಿವೆ.

ಆಮೇಲೆ ರಿಲೀಫ್. ಮೊದಲ ಫ್ರೆಟ್‌ಗೆ ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಆರನೇ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ, 8ನೇ ಫ್ರೆಟ್‌ನ ಮೇಲಿನ ಸಂದನ್ನು ಫೀಲರ್ ಗೇಜ್‌ನಿಂದ ಅಳೆಯಿರಿ. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಹೊಂದಿಸಲು ಬಳಸುವ ಗೇಜೇ ಸಾಕು, ನೀವು ಬೆಂಗಳೂರಿನಲ್ಲಿದ್ದರೆ ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿ ನೋಡಿ. ಈ ಬೋರ್ಡಿಗೆ ಫೆಂಡರ್ ಹೇಳುವ ಅಳತೆ 0.3 ಮಿ.ಮೀ. ನಿಮ್ಮದರಲ್ಲಿ ಅದಕ್ಕಿಂತ ಕಡಿಮೆ ಇರುತ್ತದೆ ಎಂಬುದು ನನ್ನ ಊಹೆ. ಹಳೆಯ ಮಾದರಿಯಲ್ಲಿ ಟ್ರಸ್ ರಾಡ್‌ನ ತಲೆ ನೆಕ್‌ನ ಬುಡದಲ್ಲಿರುತ್ತದೆ, ನೆಕ್‌ನ ತುದಿಯ ಹೆಡ್‌ಸ್ಟಾಕ್‌ನಲ್ಲಿ ಹುಡುಕಿದರೆ ಸಿಗದು. ತಂತಿಗಳನ್ನು ಸಡಿಲಿಸಿ, ಕೇಪೋದಿಂದ ಅವು ಚೆದುರದಂತೆ ಹಿಡಿದು, ನೆಕ್‌ನ ನಾಲ್ಕು ಸ್ಕ್ರೂಗಳನ್ನು ಬಿಚ್ಚಿ ನೆಕ್ ಎತ್ತಿ, ಗಡಿಯಾರದ ಎದುರು ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮತ್ತೆ ಜೋಡಿಸಿ ಅಳೆಯಬೇಕು. ಬೇಸರದ ಕೆಲಸವೇ ಹೌದು, ಆದರೆ ಅವಸರದಲ್ಲಿ ಅರ್ಧ ಸುತ್ತು ತಿರುಗಿಸಬೇಡಿ.

ಕೊನೆಯಲ್ಲಿ ಸ್ಯಾಡಲ್‌ಗಳು. 17ನೇ ಫ್ರೆಟ್‌ನ ಮೇಲೆ ಆರನೇ ತಂತಿಗೆ 2 ಮಿ.ಮೀ., ಮೊದಲನೆಯದಕ್ಕೆ 1.6 ಮಿ.ಮೀ. ಇಡಿ. ನಡುವಿನ ನಾಲ್ಕು ಬೋರ್ಡಿನ ಉಬ್ಬನ್ನೇ ಅನುಸರಿಸಲಿ.

ಬೆಸುಗೆಕಡ್ಡಿ:

ಸ್ಪ್ರಿಂಗ್‌ಗೂಡು ಅವರ ವಿವರಣೆ ಸಮಂಜಸವಾಗಿದೆ. ಆದರೂ ತಂತಿಗಳು ಮೇಲೆದ್ದ ಮೇಲೆ ಪಿಕಪ್‌ಗಳನ್ನು ಮತ್ತೆ ಅಳೆದು ಇಡಲೇಬೇಕು ಎಂಬುದನ್ನು ಮರೆಯಬೇಡಿ. ಎಲ್ಲ ಮುಗಿದ ಮೇಲೂ ಮೇಲಿನ ಫ್ರೆಟ್‌ಗಳಲ್ಲಿ ಸ್ವರ ಅಲುಗಿದರೆ ನಾನು ಮೊದಲು ಹೇಳಿದ್ದನ್ನು ಪರಿಗಣಿಸಿ.

ಹಳೇಫ್ರೆಟ್:

ಒಂದು ಮಾತು ಸೇರಿಸುತ್ತೇನೆ. ತೇಲುವ ಬ್ರಿಜ್‌ನಲ್ಲಿ ಒಂದು ತಂತಿಯನ್ನು ಬೆಂಡ್ ಮಾಡಿದರೆ ಬ್ರಿಜ್ ತುಸು ಮುಂದಕ್ಕೆ ವಾಲಿ ಉಳಿದ ತಂತಿಗಳ ಶ್ರುತಿ ಇಳಿಯುತ್ತದೆ. ಎರಡು ತಂತಿಗಳನ್ನು ಒಟ್ಟಿಗೆ ಹಿಡಿದು ಒಂದನ್ನು ಮಾತ್ರ ಬೆಂಡ್ ಮಾಡುವ ಅಭ್ಯಾಸವಿದ್ದರೆ ನಿಮಗೆ ಬ್ರಿಜ್ ಒರಗಿರುವುದೇ ಮೇಲು. ಆಗ ಸ್ಪ್ರಿಂಗ್‌ಗಳನ್ನು ಮುಟ್ಟದೆ ಸ್ಯಾಡಲ್‌ಗಳನ್ನೇ ಏರಿಸಿ, ರಿಲೀಫ್ ಮಾತ್ರ ಹೊಂದಿಸಿಕೊಳ್ಳಿ. ಎರಡೂ ಸರಿಯಾದ ವಿಧಾನಗಳೇ.

ತಂತಿಮೀಟು:

ಹೇಳಿದ ಕ್ರಮದಲ್ಲೇ ಮಾಡಿದೆ. ಬ್ರಿಜ್ ಒರಗಿದ್ದಾಗ ಮೊದಲನೇ ತಂತಿಯ ಎತ್ತರ 1.1 ಮಿ.ಮೀ. ಮಾತ್ರ ಇತ್ತು, ರಿಲೀಫ್ 0.1 ಕೂಡ ಇರಲಿಲ್ಲ. ನನಗೆ ಟ್ರೆಮೊಲೊ ಕೈಯ (ಬ್ರಿಜ್ ಅಲುಗಿಸಿ ಶ್ರುತಿ ಏರಿಳಿಸುವ ಹಿಡಿ) ಬಳಕೆ ಬೇಕಾದ್ದರಿಂದ ತೇಲುವಂತೆಯೇ ಇಟ್ಟೆ. ಈಗ ಸಂದು 3, ರಿಲೀಫ್ 0.3, ಮೊದಲನೇ ತಂತಿ 1.6. ಒಂದು ಟೋನ್‌ನ ಬೆಂಡ್ ಎಲ್ಲ ಫ್ರೆಟ್‌ಗಳಲ್ಲೂ ಹಾಡುತ್ತಿದೆ! 17ನೇ ಫ್ರೆಟ್‌ನಲ್ಲಿ ಒಂದೂವರೆ ಟೋನ್ ಎಳೆದರೆ ಮಾತ್ರ ಕೊನೆಯಲ್ಲಿ ಇನ್ನೂ ತಾಗುತ್ತಿತ್ತು, 1.8ಕ್ಕೆ ಏರಿಸಿದ ಮೇಲೆ ಅದೂ ಬಹುಮಟ್ಟಿಗೆ ಹೋಯಿತು. ಬೆರಳಿಗೆ ಮೊದಲಿಗಿಂತ ಕೆಲಸ ಹೆಚ್ಚಾಗಿದೆ, ಆದರೆ ತಂತಿಯಡಿ ಬೆರಳ ತುದಿ ಸಿಕ್ಕಿಸಲು ಜಾಗ ದೊರೆತು ಬೆಂಡ್‌ನ ಹಿಡಿತ ಗಟ್ಟಿಯಾಗಿದೆ. ಆಂಪ್ಲಿಫೈಯರ್‌ಗೆ ಜೋಡಿಸದೆ ನುಡಿಸಿದಾಗಲೂ ನಾದ ತುಂಬಿಕೊಂಡಂತಿದೆ. ಫ್ರೆಟ್ ಬದಲಿಸುವ ಖರ್ಚು ಉಳಿಯಿತು, ಎಲ್ಲರಿಗೂ ಕೃತಜ್ಞ.

ಉಳಿದಿರುವುದು ಒಂದೇ. ಪಿಕಪ್‌ಗಳನ್ನು 2.4 ಮತ್ತು 2ಕ್ಕೆ ಇಟ್ಟಿದ್ದರೂ ಮೂರನೇ ತಂತಿ ಉಳಿದೆಲ್ಲಕ್ಕಿಂತ ಜೋರಾಗಿ ಕೇಳಿಸುತ್ತದೆ.

ಸುರತ್ಕಲ್ ಸ್ಟ್ರಾಟ್:

ಸಂತೋಷ. 17ನೇ ಫ್ರೆಟ್‌ನ ಆಚೆ ಉಳಿದಿರುವ ಆ ಚೂರು ತಡೆಗೆ ಯಾವುದಾದರೂ ಒಂದೇ ಫ್ರೆಟ್ ಎದ್ದಿರಬಹುದು. ಮೂರು ಫ್ರೆಟ್‌ಗಳ ಮೇಲೆ ಮಾತ್ರ ಕೂರುವಷ್ಟು ಉದ್ದದ ಉಕ್ಕಿನ ನೇರ ಪಟ್ಟಿಯನ್ನಿಟ್ಟು ಅದು ತೂಗುತ್ತದೆಯೇ ನೋಡಿ.

ಬೆಸುಗೆಕಡ್ಡಿ:

ಮೂರನೇ ತಂತಿಯ ಕೆಳಗಿನ ಅಯಸ್ಕಾಂತ ಉಳಿದವುಗಳಿಗಿಂತ ಎತ್ತರವಾಗಿ ನಿಂತಿದೆಯೇ ನೋಡಿ. 50ರ ದಶಕದಲ್ಲಿ ಮೂರನೇ ತಂತಿಗೂ ಸುರುಳಿ ಸುತ್ತಿರುತ್ತಿದ್ದು ಅದರ ಧ್ವನಿ ಕ್ಷೀಣವಾಗಿತ್ತು, ಅದಕ್ಕಾಗಿ ಆ ಕಡ್ಡಿಯನ್ನು ಎತ್ತರಿಸಿದರು. ಈಗ ನಾವು ಹಾಕುವುದು ಸುರುಳಿಯಿಲ್ಲದ ತಂತಿ, ಕಡ್ಡಿಯ ಎತ್ತರ ಮಾತ್ರ ಹಾಗೆಯೇ ಮುಂದುವರಿದಿದೆ. ಕಡ್ಡಿಯನ್ನು ಒತ್ತಿ ಇಳಿಸಲು ಹೋಗಬೇಡಿ, ಕಾಯಿಲ್‌ನ ತಂತಿಯನ್ನು ಆ ಕಡ್ಡಿಗಳಿಗೇ ತಾಗಿಸಿ ಸುತ್ತಿರುವುದರಿಂದ ಅದು ತುಂಡಾಗಬಹುದು. ಇಡೀ ಪಿಕಪ್ಪನ್ನು ಇನ್ನು ಅರ್ಧ ಮಿ.ಮೀ. ಇಳಿಸಿ. ಮೂರನೇ ತಂತಿಯ ಅಬ್ಬರ ಪೂರ್ತಿ ಹೋಗದಿದ್ದರೂ ತಗ್ಗುತ್ತದೆ.