ಗುಲಾಬಿ ಚಿಗುರು, ಜಿನಿಯಾ ಎಲೆ, ದಾಸವಾಳದ ಗೆಣ್ಣು: ಮೂರರಲ್ಲೂ ಬಿಳಿ ಪುಡಿ

ಕುಂಡದತೋಟ:
ಬೆಂಗಳೂರು, ಪೂರ್ವಕ್ಕಿರುವ ಬಾಲ್ಕನಿ, ಬಿಸಿಲು ಬೆಳಿಗ್ಗೆ ಮೂರು ಗಂಟೆ ಅಷ್ಟೇ. ಡಿಸೆಂಬರ್ ಶುರುವಾದಾಗಿನಿಂದ ಗುಲಾಬಿಯ ಎಳೆ ಎಲೆ ಮುದುರಿ, ಮೊಗ್ಗಿನ ತೊಟ್ಟಿಗೆಲ್ಲ ಬಿಳಿ ಹಿಟ್ಟು ಮೆತ್ತಿದಂತಿದೆ, ಮೊಗ್ಗು ಅರಳುತ್ತಿಲ್ಲ. ಜಿನಿಯಾದ ಕೆಳಗಿನ ಎಲೆಗಳಲ್ಲೂ ಬಿಳಿ ಮಚ್ಚೆ. ದಾಸವಾಳದ ಗೆಣ್ಣುಗಳಲ್ಲೂ ಬಿಳಿ, ಅಲ್ಲಿ ಇರುವೆ ಓಡಾಟ. ನವೆಂಬರಿನಲ್ಲಿ ಯೂರಿಯಾ ಕೊಟ್ಟಿದ್ದೆ. ಮಳೆಯಿಲ್ಲ, ಎಲೆಗೆ ನೀರೂ ಬಿದ್ದಿಲ್ಲ. ಆದರೂ ಶಿಲೀಂಧ್ರ ಬರುತ್ತದೆಯೇ? ಅಡುಗೆ ಸೋಡಾ ಸಾಕೇ?

ಕೆಮ್ಮಣ್ಣು:
ದಾಸವಾಳವನ್ನು ಮೊದಲು ಬೇರೆ ಮಾಡಿ, ಅದು ರೋಗವಲ್ಲ, ಹಿಟ್ಟು ತಿಗಣೆ. ಹತ್ತಿಯಂತೆ ಗಂಟುಗಂಟಾಗಿದ್ದು, ಕಡ್ಡಿಯಿಂದ ಒತ್ತಿದರೆ ರಸ ಬರುತ್ತದೆ. ಇರುವೆ ಬರುವುದು ಅದರ ಅಂಟಿಗೆ. ನೀರು ರಭಸವಾಗಿ ಬಿಟ್ಟು ತೊಳೆದು, ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ಅರ್ಧ ಚಮಚ ದ್ರವ ಸೋಪು ಬೆರೆಸಿ ಸಂಜೆ ಹೊಡೆಯಿರಿ.

ಗುಲಾಬಿ, ಜಿನಿಯಾದ್ದು ಬೂದಿ ರೋಗ. ಬೆರಳಿಗೆ ಪುಡಿಯಾಗಿ ಹತ್ತಿ, ಒರೆಸಿದ ಕೆಲವೇ ದಿನಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಕಾಣಿಸಿಕೊಂಡರೆ ಅನುಮಾನ ಬೇಡ. ಬೋರ್‌ವೆಲ್ ನೀರಿನ ಸುಣ್ಣದ ಕಲೆಯಾದರೆ ಒಂದು ಹನಿ ವಿನೆಗರ್‌ಗೆ ಕರಗುತ್ತದೆ, ಮತ್ತೆ ಬೆಳೆಯುವುದಿಲ್ಲ.

ಮಳೆ ಇಲ್ಲದಿರುವುದೇ ಇದಕ್ಕೆ ಅನುಕೂಲ. ಉಳಿದ ಹೆಚ್ಚಿನ ಶಿಲೀಂಧ್ರಗಳಿಗೆ ಎಲೆ ಒದ್ದೆಯಾಗಬೇಕು, ಇದಕ್ಕೆ ಬೇಡ. ಹಗಲು ಒಣ ಬೆಚ್ಚಗೆ, ರಾತ್ರಿ ತಣ್ಣಗೆ ತೇವದ ಗಾಳಿ ಇದ್ದರಾಯಿತು. ಎಲೆಯ ಮೇಲೆ ನೀರು ನಿಂತರೆ ಇದರ ಬೀಜಕಣ ಚೆನ್ನಾಗಿ ಮೊಳೆಯುವುದೇ ಇಲ್ಲ. ಜಿನಿಯಾದಿಂದ ಗುಲಾಬಿಗೆ ಹರಡಿದ್ದೂ ಅಲ್ಲ. ಎರಡಕ್ಕೂ ಬರುವುದು ಬೇರೆ ಬೇರೆ ಜಾತಿಯ ಶಿಲೀಂಧ್ರ, ಹವೆ ಮಾತ್ರ ಒಂದೇ. ಯೂರಿಯಾದಿಂದ ಬಂದ ಮೆತ್ತನೆಯ ಚಿಗುರು ಅದಕ್ಕೆ ಸುಲಭದ ತುತ್ತು. ಸದ್ಯ ಯೂರಿಯಾದಂಥ ಸಾರಜನಕದ ಗೊಬ್ಬರ ನಿಲ್ಲಿಸಿ.

ಮೊಗ್ಗುಮಾಲೆ:
ಔಷಧಿಗಿಂತ ಮೊದಲು ಕತ್ತರಿ. ಮುದುರಿದ ಚಿಗುರು, ಬಿಳಿಯಾದ ಮೊಗ್ಗುಗಳನ್ನು ಒಂದು ಗೆಣ್ಣು ಕೆಳಗೆ ಕತ್ತರಿಸಿ, ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ಗಿಡದಲ್ಲಿ ಕೊಡವಬೇಡಿ, ಪುಡಿಯೇ ಬೀಜಕಣ. ಕುಂಡಗಳ ನಡುವೆ ಒಂದಡಿ ಬಿಡಿ.

ಆಮೇಲೆ ನೀರಿನಲ್ಲಿ ಬೆರೆಯುವ ಗಂಧಕ (ವೆಟ್ಟಬಲ್ ಸಲ್ಫರ್), 80%ನದು, ಲೀಟರಿಗೆ 2 ಗ್ರಾಂ. ಮೊದಲು ಸ್ವಲ್ಪ ನೀರಲ್ಲಿ ಕಲಸಿ ಮುದ್ದೆ ಮಾಡಿಕೊಂಡು ಉಳಿದ ನೀರು ಸೇರಿಸಿ, ಇಲ್ಲವಾದರೆ ನಾಜಲ್ ಕಟ್ಟುತ್ತದೆ. ಪುಡಿ ತಳಕ್ಕಿಳಿಯುತ್ತದೆ, ಆಗಾಗ ಅಲ್ಲಾಡಿಸಿ. ಎಲೆಯ ಎರಡೂ ಬದಿ ತೊಯ್ಯಬೇಕು. 10 ದಿನಕ್ಕೊಮ್ಮೆ, ಒಟ್ಟು ಮೂರು ಸಲ. ಬಿಸಿಲು 32 ಡಿಗ್ರಿ ಮೀರಿದರೆ ಎಲೆ ಸುಡುತ್ತದೆ, ಹಾಗಾಗಿ ಮಾರ್ಚ್ ಶುರುವಾದ ಮೇಲೆ ಬೇಡ. ಇನ್ನೂ ಮುಖ್ಯ: ಬೇವಿನೆಣ್ಣೆ ಬಿದ್ದ ಗಿಡಕ್ಕೆ ಎರಡು ವಾರ ಗಂಧಕ ತಾಗಿಸಬೇಡಿ. ಗಾಳಿಗೆ ಹಾರಿ ಬೀಳದಂತೆ ದಾಸವಾಳದ ಕುಂಡವನ್ನು ದೂರ ಎಳೆದಿಡಿ.

ಸೋಡಾದ ಬಗ್ಗೆ ಅತಿ ನಂಬಿಕೆ ಬೇಡ. ಲೀಟರಿಗೆ 5 ಗ್ರಾಂ ದಾಟಿದರೆ ಅಂಚು ಸುಡುತ್ತದೆ, ಪದೇ ಪದೇ ಹೊಡೆದರೆ ಸೋಡಿಯಂ ಕುಂಡದ ಮಣ್ಣಲ್ಲಿ ಕೂರುತ್ತದೆ. 100 ಮಿ.ಲೀ. ಹಾಲಿಗೆ 900 ಮಿ.ಲೀ. ನೀರು ಬೆರೆಸಿ ಬಿಸಿಲಿರುವಾಗ ಸಿಂಪಡಿಸುವುದು ಶುರುವಿನ ಹಂತದಲ್ಲಿ ಪರವಾಗಿಲ್ಲ.

ಕುಂಡದತೋಟ:
ಒಳ್ಳೆಯದಾಯಿತು. ಗಂಧಕಕ್ಕೂ ಬಗ್ಗದಿದ್ದರೆ? ಎಲೆ ತೊಳೆದರೆ ಆಗದೇ?

ಕೆಮ್ಮಣ್ಣು:
ಹೆಕ್ಸಾಕೊನಜೋಲ್ 5% ಇಸಿ (ನೀರಲ್ಲಿ ಬೆರೆಸುವ ದ್ರವ ಶಿಲೀಂಧ್ರನಾಶಕ), ಲೀಟರಿಗೆ 1 ಮಿ.ಲೀ. ಕೈಗವಸು, ಮಾಸ್ಕ್ ಹಾಕಿಕೊಳ್ಳಿ. ಸತತ ಎರಡು ಸಲಕ್ಕಿಂತ ಹೆಚ್ಚು ಬೇಡ, ಶಿಲೀಂಧ್ರ ಒಗ್ಗಿಕೊಳ್ಳುತ್ತದೆ. ಪ್ರಮಾಣ ಹೆಚ್ಚಿಸಿದರೆ ಗೆಣ್ಣಿನ ಅಂತರ ಕುಗ್ಗಿ ಗಿಡ ಗಿಡ್ಡವಾಗುತ್ತದೆ. ಗುಲ್ಕಂದಿಗೆ ದಳ ಬಳಸುವ ಗಿಡಕ್ಕಂತೂ ಮುಟ್ಟಿಸಲೇಬೇಡಿ.

ತೊಳೆಯಬಹುದು, ಆದರೆ ಬೆಳಿಗ್ಗೆ ಮಾತ್ರ, ಔಷಧಿ ಹೊಡೆಯುವ ಮುನ್ನ. ಸಂಜೆ ತೊಳೆದರೆ ರಾತ್ರಿಯಿಡೀ ಎಲೆ ಒದ್ದೆಯಾಗಿದ್ದು ಗುಲಾಬಿಗೆ ಕಪ್ಪು ಚುಕ್ಕೆ ರೋಗ ಬರುತ್ತದೆ. ಹಳೆಯ ಎಲೆಯ ಕಲೆ ಹೋಗುವುದಿಲ್ಲ. ಔಷಧಿ ಹಿಡಿಯಿತೋ ಇಲ್ಲವೋ ಎಂದು ಹೊಸ ಚಿಗುರಿನಲ್ಲಿ ನೋಡಿ.