ಪದಚರ್ಚೆ: ತಿರುಗುವ ಕಂಬಕ್ಕೆ ‘ಹಾಯಿ’ ಅನ್ನಬಹುದಾ? (ನಾಳೆ ಸಂಜೆಯೊಳಗೆ ಬೇಕು)

ಸರಸ್ವತಿಪುರಂ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮಂಡ್ಯದ ಒಂದು ಹೈಸ್ಕೂಲಿನ ವಿಜ್ಞಾನ ಮೇಳಕ್ಕೆ ಹತ್ತು ಫಲಕ ಅನುವಾದ ಮಾಡಿಕೊಡುತ್ತಿದ್ದೇನೆ. ಒಂಬತ್ತು ಮುಗಿದಿವೆ. ಹತ್ತನೆಯದು ಗಾಳಿಯ ಬಲದಿಂದ ಎಣ್ಣೆ ಉಳಿಸುವ ಸರಕು ಹಡಗುಗಳದ್ದು. ನಾಳೆ ಸಂಜೆ ಆರರೊಳಗೆ ಫೈಲ್ ಕೊಡದಿದ್ದರೆ ಸೋಮವಾರವೇ ಅಂತ ಫ್ಲೆಕ್ಸ್ ಅಂಗಡಿಯವರು ಹೇಳಿಬಿಟ್ಟಿದ್ದಾರೆ. ಮೇಳ ಶನಿವಾರ.

ಎರಡು ಪದ ಬೇಕು. ಒಂದು ತಲೆಬರಹಕ್ಕೆ. ಇಂಜಿನ್ ಇದ್ದೇ ಇರುತ್ತದೆ, ಗಾಳಿ ಅದರ ಹೊರೆ ಇಳಿಸುತ್ತದೆ, ಅಷ್ಟೇ. ಅಂಥ ಹಡಗಿಗೆ ಏನನ್ನೋಣ? ನನಗೆ ಬಂದ ಕರಡಿನಲ್ಲಿ ‘ವಾಯುನೌಕೆ’ ಎಂದಿದೆ. ಅದು ಆಕಾಶದಲ್ಲಿ ತೇಲುವ ಬಲೂನು ಹಡಗು, ಅಲ್ವಾ? ‘ಪವನಶಕ್ತಿ ಹಡಗು’ ಅಂದರೆ ಚಿತ್ರದುರ್ಗದ ಗುಡ್ಡದ ಮೇಲಿನ ಫ್ಯಾನುಗಳು ನೆನಪಾಗುತ್ತವೆ. ಮಕ್ಕಳು ಇಲ್ಲೂ ಕರೆಂಟ್ ತಯಾರಾಗುತ್ತದೆ ಅಂದುಕೊಳ್ಳುತ್ತಾರೆ. ಹಾಗಲ್ಲ, ಗಾಳಿಯೇ ಹಡಗನ್ನು ತಳ್ಳುತ್ತದೆ.

ಎರಡನೆಯದು ಕಷ್ಟದ್ದು. ಚಿತ್ರದಲ್ಲಿರುವುದು ಎಣ್ಣೆ ಸಾಗಿಸುವ ‘ಮೇರ್ಸ್ಕ್ ಪೆಲಿಕನ್’. 2018ರಲ್ಲಿ ಅದರ ಮೇಲೆ ಎರಡು ದುಂಡನೆ ಕಂಬ ನಿಲ್ಲಿಸಿದರು. 30 ಮೀಟರ್ ಎತ್ತರ, 5 ಮೀಟರ್ ಅಡ್ಡಗಲ. ಮೋಟಾರ್ ಹಾಕಿ ಅವನ್ನು ಗರಗರ ತಿರುಗಿಸುತ್ತಾರೆ. ಪಕ್ಕದಿಂದ ಬೀಸುವ ಗಾಳಿ ಕಂಬದ ಒಂದು ಮಗ್ಗುಲಲ್ಲಿ ಜೋರಾಗಿ, ಇನ್ನೊಂದು ಮಗ್ಗುಲಲ್ಲಿ ನಿಧಾನವಾಗಿ ಹಾದುಹೋಗುತ್ತದೆ. ಎರಡೂ ಕಡೆಯ ಒತ್ತಡ ಬೇರೆಯಾಗಿ ಹಡಗು ಮುಂದಕ್ಕೆ ಎಳೆದುಕೊಳ್ಳುತ್ತದೆ. ಸ್ಪಿನ್ ಬೌಲರ್ ಬಿಟ್ಟ ಚೆಂಡು ನೆಲ ಮುಟ್ಟುವ ಮೊದಲೇ ವಾಲುತ್ತದಲ್ಲ, ಅದೂ ಹೀಗೇ. ಒಂದು ವರ್ಷ ಓಡಿಸಿ ನೋಡಿದಾಗ 8.2% ಎಣ್ಣೆ ಉಳಿಯಿತಂತೆ.

ಇಂಗ್ಲಿಷಿನವರು ಇದಕ್ಕೆ ರೋಟರ್ ಸೇಲ್ ಅನ್ನುತ್ತಾರೆ. ಚಿತ್ರ ನೋಡಿದ ಒಂಬತ್ತನೇ ಕ್ಲಾಸಿನ ಹುಡುಗ, “ಮಿಸ್, ಹಡಗಿಗೆ ಎರಡೆರಡು ಮೈಷುಗರ್ ಫ್ಯಾಕ್ಟರಿ ಚಿಮಣಿ ಯಾಕೆ?” ಅಂದ. ಹೊಗೆ ಕಡಿಮೆ ಮಾಡುವ ವಸ್ತು ನೋಡಲು ಹೊಗೆ ಕೊಳವೆಯ ಥರ ಇದ್ದರೆ ನಾನೇನು ಮಾಡಲಿ? ಹೆಸರಾದರೂ ದಾರಿ ತೋರಿಸಬೇಕು. ‘ಸುತ್ತುಹಾಯಿ’? ‘ತಿರುಗುಹಾಯಿ’?

ಕುವೆಂಪುನಗರ, 10:05

‘ತಿರುಗುಹಾಯಿ’ ಬೇಡ. ಗಾಳಿ ನೋಡಿ ತಿರುಗಿಸದ ಹಾಯಿ ಯಾವುದಿದೆ? ‘ಪರಿಭ್ರಮಣ ಪಟ’ ಎಂದು ಬರೆಯಿರಿ. ಗಂಭೀರವಾಗಿದೆ.

ಮದ್ದೂರು, 10:20

ಗಂಭೀರವೇನೋ ಸರಿ ಸಾರ್. ಆದರೆ ಪರಿಭ್ರಮಣ ಅಂದರೆ ಭೂಮಿ ಸೂರ್ಯನನ್ನು ಸುತ್ತುವುದು. ಈ ಕಂಬ ತನ್ನ ಸುತ್ತ ತಾನೇ ತಿರುಗುತ್ತದೆ. ‘ಪಟ’ ಅಂದ ಕೂಡಲೇ ಮಕ್ಕಳಿಗೆ ಗಾಳಿಪಟ. ದೊಡ್ಡ ಗಾಳಿಪಟ ಕಟ್ಟಿ ಎಳೆಸಿದ ಸರಕು ಹಡಗೂ 2008ರಲ್ಲಿ ಓಡಾಡಿದೆ. ಪಟ ಅದಕ್ಕಿರಲಿ.

ನನ್ನ ಕೇಳಿದರೆ ‘ಹಾಯಿ’ ಬಿಡಬಾರದು. ಅದರ ಬೇರು ‘ಹಾಯು’. ನಾವು ಗದ್ದೆಗೆ ನೀರು ಹಾಯಿಸುತ್ತೇವೆ. ಕೊಬ್ಬಿದ ಎತ್ತು ಹಾಯುತ್ತದೆ. ಹೊಳೆ ಹಾಯ್ದು ಆಚೆಗೆ ಹೋಗುತ್ತೇವೆ. ತೂಬು ಎತ್ತಿದ ಮೇಲೆ ಮೊದಲ ಪಾತಿಗೆ ನೀರು ನುಗ್ಗುವುದನ್ನು ನೋಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಹಡಗನ್ನು ಕಡಲು ಹಾಯಿಸುವುದು ಯಾವುದೋ ಅದು ಹಾಯಿ. ಬಟ್ಟೆಯಾದರೇನು, ಕಬ್ಬಿಣವಾದರೇನು? ‘ಹಾಯಿಗಂಬ’ ಅನ್ನಿ, ಮುಗೀತು.

ಜಯಲಕ್ಷ್ಮೀಪುರಂ, 10:50

ಮುಗೀಲಿಲ್ಲ. ಮದ್ದೂರಿನವರ ವ್ಯುತ್ಪತ್ತಿ ಕೇಳಲು ಚೆಂದ, ಆದರೆ ತಪ್ಪು. ತಮಿಳಿನಲ್ಲಿ ‘ಪಾಯ್’ ಅಂದರೆ ಚಾಪೆಯೂ ಹೌದು, ಹಡಗಿನ ಹಾಯಿಯೂ ಹೌದು. ತುಳುವಿನಲ್ಲಿ ‘ಪಾಯಿ’. ನಮ್ಮಲ್ಲಿ ಪಕಾರ ಹಕಾರವಾಯಿತು, ಪಾಲು ಹಾಲಾದ ಹಾಗೆ. ‘ಹಾಯು’ ಬೇರೆ ಧಾತು, ಸುಮ್ನೆ ದನಿ ಒಂದೇ. ಹಾಯಿ ಅಂದರೆ ಹರಡಿ ಬಿಚ್ಚುವ ವಸ್ತು. ಚಾಪೆಯನ್ನು ಯಾರೂ ನೆಟ್ಟಗೆ ನಿಲ್ಲಿಸಿ ಗರಗರ ತಿರುಗಿಸುವುದಿಲ್ಲ. ಹಡಗಿನ ಕಂಬಕ್ಕೆ ನಮ್ಮದೇ ಪದ ಇದೆ: ಕೂವೆ. ‘ತಿರುಗುಗೂವೆ’ ಅನ್ನಿ.

ಬೋಗಾದಿ, 11:15

ನಮ್ಮ ಮನೆಯಲ್ಲಿ ಕೂವೆ ಅಂದರೆ ಮಗುವಿಗೆ ಕಾಯಿಸಿ ಕೊಡುವ ಗಂಜಿ.

ನಾನು ಮಂಗಳೂರಿನ ಕಡೆಯವಳು, ಮೈಸೂರಿಗೆ ಬಂದು ಇಪ್ಪತ್ತು ವರ್ಷ. ಲಕ್ಷದ್ವೀಪಕ್ಕೆ ಸಾಮಾನು ಒಯ್ಯುತ್ತಿದ್ದ ಮಂಜಿ ಎಂಬ ಹಾಯಿಹಡಗುಗಳ ವಿಷಯ ನಮ್ಮ ಅಜ್ಜ ಹೇಳುತ್ತಿದ್ದರು. ಗಾಳಿ ಸಿಕ್ಕರೆ ‘ಹಾಯಿ ಹಿಡಿಯಿತು’ ಅನ್ನುತ್ತಿದ್ದರು. ಗಾಳಿಯನ್ನು ಹಿಡಿಯುವುದು ಹಾಯಿಯ ಕೆಲಸ. ಈ ಕಂಬವೂ ಹಿಡಿಯುತ್ತದೆ, ತನ್ನದೇ ರೀತಿಯಲ್ಲಿ. ಹುಟ್ಟಿದಾಗ ಚಾಪೆಯಾಗಿತ್ತು ಅಂತ ಸಾಯುವವರೆಗೂ ಚಾಪೆಯಾಗಿಯೇ ಇರಬೇಕಾ?

ಪಾಂಡವಪುರ, ಬೆಳಿಗ್ಗೆ 6:30

ರಾತ್ರಿ ಎಲ್ಲರೂ ಚೆನ್ನಾಗಿ ಹೊಡೆದಾಡಿದ್ದೀರಿ. ವಸ್ತುವಿನ ವಯಸ್ಸು ನೋಡಿದಿರಾ? ಜರ್ಮನಿಯ ಆಂಟನ್ ಫ್ಲೆಟ್ನರ್ 1924ರಲ್ಲೇ ‘ಬುಕಾವ್’ ಎಂಬ ಹಡಗಿನ ಮೇಲೆ ಇಂಥ ಎರಡು ಕಂಬ ನಿಲ್ಲಿಸಿದ್ದರು. 1926ರಲ್ಲಿ ಅದು ಅಟ್ಲಾಂಟಿಕ್ ದಾಟಿ ನ್ಯೂಯಾರ್ಕಿಗೂ ಹೋಯಿತು. ಆಗ ಎಣ್ಣೆ ಅಗ್ಗ, ಯಾರಿಗೂ ಬೇಡವಾಯಿತು. ಈಗ ಎಣ್ಣೆಯ ಖರ್ಚೂ ಜಾಸ್ತಿ, ಜಗತ್ತಿನ ಹಸಿರುಮನೆ ಅನಿಲದಲ್ಲಿ ಸುಮಾರು 3% ಹಡಗುಗಳದ್ದೇ. ಅದಕ್ಕೇ ಅಟ್ಟದಿಂದ ಇಳಿಸಿದ್ದಾರೆ. ತಾತನ ಕೊಡೆ ಇದ್ದ ಹಾಗೆ.

ತಲೆಬರಹಕ್ಕೆ ಒಂದು ಮಾತು. ಎಲ್ಲ ಹಡಗಿನ ಮೇಲೂ ಕಂಬವೇ ಇರುವುದಿಲ್ಲ. 2023ರ ಆಗಸ್ಟಿನಲ್ಲಿ ಹೊರಟ ‘ಪಿಕ್ಸಿಸ್ ಓಷನ್’ ಮೇಲೆ ಇದ್ದದ್ದು 37.5 ಮೀಟರ್ ಎತ್ತರದ ಎರಡು ಗಟ್ಟಿ ರೆಕ್ಕೆ, ವಿಮಾನದ ರೆಕ್ಕೆಯನ್ನು ಕಿತ್ತು ನಿಲ್ಲಿಸಿದಂತೆ. ಆರು ತಿಂಗಳ ಲೆಕ್ಕದಲ್ಲಿ ದಿನಕ್ಕೆ ಸರಾಸರಿ 3 ಟನ್ ಎಣ್ಣೆ ಉಳಿಸಿತು. ಕಂಬ, ರೆಕ್ಕೆ, ಗಾಳಿಪಟ ಮೂರಕ್ಕೂ ಹೊಂದುವ ಪದ ಬೇಕು. ‘ಗಾಳಿಯ ಒತ್ತಾಸೆಯ ಹಡಗು’ ಅಂದರೆ ಹೇಗೆ? ಒತ್ತಾಸೆ ಅಂದಾಗ ಎತ್ತುವವನು ಬೇರೆ ಇದ್ದಾನೆ, ಇದು ಜೊತೆಗೆ ಕೈ ಕೊಟ್ಟಿದೆ ಎಂದು ತಾನಾಗಿಯೇ ತಿಳಿಯುತ್ತದೆ.

ಕಂಬಕ್ಕೆ? ನಮ್ಮೂರಿನ ಹಳೇ ಎತ್ತಿನ ಗಾಣದಲ್ಲಿ ಕಬ್ಬು ಅರೆಯುವ ಗುಂಡುಗಳು ಹೀಗೇ ನೆಟ್ಟಗೆ ನಿಂತು ತಿರುಗುತ್ತಿದ್ದವು. ‘ಗಾಣಹಾಯಿ’ ಅನ್ನಬಹುದಿತ್ತು. ಆದರೆ ಈಗಿನ ಮಕ್ಕಳು ಆ ಗಾಣವನ್ನೇ ನೋಡಿಲ್ಲ. ಬಿಡಿ.

ಸರಸ್ವತಿಪುರಂ, 8:10

ಒತ್ತಾಸೆ! ಅದನ್ನೇ ಹಾಕುತ್ತೇನೆ. ಪಾಂಡವಪುರದ ಮೇಷ್ಟ್ರಿಗೆ ಒಂದು ಕಾಫಿ ಬಾಕಿ. ‘ಹೊರಸೂಸುವಿಕೆ’ಗೂ ಏನಾದರೂ ಇದೆಯಾ? ಫ್ಲೆಕ್ಸಿನ ಒಂದು ಸಾಲು ಅದೇ ತಿನ್ನುತ್ತಿದೆ.

ಕುವೆಂಪುನಗರ, 8:30

ಉತ್ಸರ್ಜನೆ.

ಮದ್ದೂರು, 8:32

ಅಯ್ಯೋ. ‘ಹಡಗು ಬಿಡುವ ಇಂಗಾಲ’ ಅನ್ನಿ. ‘ಹೊಗೆ’ ಬೇಡ, ಇಂಗಾಲದ ಡೈಆಕ್ಸೈಡ್ ಕಣ್ಣಿಗೆ ಕಾಣುವುದಿಲ್ಲ. ಇನ್ನು ಎರಡನೇ ಪದಕ್ಕೆ ‘ರೋಟರ್ ಹಾಯಿ’ ಅಂತಲೇ ಬರೆದುಬಿಡಿ. ಪಂಪ್‌ಸೆಟ್ ಕಟ್ಟುವ ಹುಡುಗನಿಗೂ ರೋಟರ್ ಗೊತ್ತು.

ಜಯಲಕ್ಷ್ಮೀಪುರಂ, 9:00

ಇಲ್ಲಿಗೆ ಬಂತಾ! ಅರ್ಧ ಇಂಗ್ಲಿಷು, ಅರ್ಧ ಕನ್ನಡ. ಇಂಥ ಅರಿಸಮಾಸವನ್ನು ಶಾಲೆಯ ಗೋಡೆಗೆ ತೂಗುಹಾಕಿದರೆ ಮಕ್ಕಳು ಏನು ಕಲಿಯಬೇಕು? ಎರವಲು ಬೇಕೇ ಬೇಕಾದಾಗ ತನ್ನಿ. ಬಾಗಿಲು ತೆರೆದಿಟ್ಟು ಕೂರಬೇಡಿ.

ಮದ್ದೂರು, 9:12

ಬಾಗಿಲು ಮುಚ್ಚಿದ್ದು ಯಾವಾಗ ಸಾರ್? ನಮ್ಮಪ್ಪ ಶಾಲೆಗೆ ಹೋದವರಲ್ಲ. ‘ಚಾನಲ್ಲಲ್ಲಿ ನೀರು ಬಿಟ್ಟವ್ರೆ, ಎರಡು ಎಕರೆ ನಾಟಿ ಆಗ್ಬೇಕು’ ಅನ್ನುತ್ತಿದ್ದರು. ಅದರಲ್ಲಿ ಎರಡು ಪದ ಇಂಗ್ಲಿಷ್. ಅವರ ಭತ್ತ ಮಾತ್ರ ಕನ್ನಡದಲ್ಲೇ ಬೆಳೆಯಿತು. ಆ ಹುಡುಗ ‘ಚಿಮಣಿ’ ಅಂದನಲ್ಲ, ಅದನ್ನು ಯಾವ ಊರಿಗೆ ವಾಪಸ್ ಕಳಿಸುತ್ತೀರಿ? ನೀವು ಈ ಟಪಾಲು ಬರೆಯುತ್ತಾ ಕೂತಿರುವ ಮೇಜೂ ಪೋರ್ಚುಗೀಸಿನದು.

ಜಯಲಕ್ಷ್ಮೀಪುರಂ, 9:20

ಮೇಜು ಪಾರಸಿ. ಗೊತ್ತಿಲ್ಲದಿದ್ದರೆ ಸುಮ್ಮನಿರಿ.

ಸರಸ್ವತಿಪುರಂ, ಸಂಜೆ 5:50

ಫೈಲ್ ಕೊಟ್ಟು ಬಂದೆ. ತಲೆಬರಹ ‘ಗಾಳಿಯ ಒತ್ತಾಸೆಯ ಹಡಗುಗಳು’. ಕಂಬದ ಪಕ್ಕ ದಪ್ಪಕ್ಷರದಲ್ಲಿ ‘ರೋಟರ್ ಹಾಯಿ’, ಕೆಳಗೆ ಸಣ್ಣದಾಗಿ ‘ಇದು ಚಿಮಣಿ ಅಲ್ಲ, ಗಾಳಿ ಹಿಡಿಯುವ ತಿರುಗುಗಂಬ’. ಅಂಗಡಿಯ ಹುಡುಗ ಟೈಪ್ ಮಾಡುವಾಗ ‘ಒತ್ತಾಸೆ’ಯನ್ನು ‘ಒತ್ತಾಯ’ ಮಾಡಿದ್ದ. ಕಣ್ಣಿಗೆ ಬಿತ್ತು, ಸರಿಮಾಡಿಸಿದೆ. ಎಲ್ಲರಿಗೂ ಥ್ಯಾಂಕ್ಸ್.

ಮದ್ದೂರು, 6:15

ಒಳ್ಳೇದಾಯ್ತು ಮೇಡಂ. ಶನಿವಾರ ಬಂದು ನೋಡುತ್ತೇನೆ.

ಮೇಜು ಪೋರ್ಚುಗೀಸ್.

ಜಯಲಕ್ಷ್ಮೀಪುರಂ, 6:16

ಪಾರಸಿ.